ಬೀಡಿ ಕಟ್ಟುವ ಮನೆಯ ಜಗಲಿಗೆ ಪ್ರಶ್ನಾವಳಿ ಒಯ್ಯುವ ಮುನ್ನ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಎಂ.ಎ. ವಿದ್ಯಾರ್ಥಿನಿ. ನಮ್ಮ ಪಂಚಾಯತಿನ ಎರಡು ವಾರ್ಡುಗಳಲ್ಲಿ ಬೀಡಿ ಕಟ್ಟುವ ಹೆಂಗಸರು ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ಕಚೇರಿಯಲ್ಲಿ ಯಾವ ಭಾಷೆ ಬಳಸುತ್ತಾರೆ, ಮಕ್ಕಳನ್ನು ಯಾವ ಮಾಧ್ಯಮಕ್ಕೆ ಸೇರಿಸುತ್ತಾರೆ ಎಂಬುದು ನನ್ನ ಪ್ರಾಜೆಕ್ಟ್. ನೂರು ಪ್ರಶ್ನಾವಳಿ ತುಂಬಿಸಿ ತರಬೇಕೆಂದು ಗೈಡ್ ಹೇಳಿದ್ದಾರೆ. ಒಬ್ಬ ಬೀಡಿ ಕಂಟ್ರಾಕ್ಟರರು ನೂರು ಹೆಸರು, ಫೋನ್ ನಂಬರ್ ಕೊಡುತ್ತೇನೆ ಎಂದಿದ್ದಾರೆ. ಗೂಗಲ್ ಫಾರ್ಮ್ ಸಾಕೇ? ಎಲ್ಲರಿಂದಲೂ ಸಹಿ ಹಾಕಿಸಬೇಕೇ? ಫೋನಿನಲ್ಲಿ ರೆಕಾರ್ಡ್ ಮಾಡಬಹುದೇ? ಕೈಯಲ್ಲಿರುವುದು ಮೂರು ತಿಂಗಳು.

ಉತ್ತರ: ಕಂಟ್ರಾಕ್ಟರರ ಪಟ್ಟಿಯನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಕೆಲಸ ಹಗುರಾಗುತ್ತದೆ ನಿಜ, ಆದರೆ ಅದರಿಂದ ಎರಡು ಕಡೆ ಕೆಡುತ್ತದೆ. ಎಲೆ, ಹೊಗೆಸೊಪ್ಪು ಕೊಡುವವರು, ಕಟ್ಟಿದ ಬೀಡಿಯನ್ನು ಎಣಿಸಿ ರಿಜೆಕ್ಟ್ ಮಾಡುವವರು ಅವರೇ. ಅವರ ಹೆಸರು ಹೇಳಿಕೊಂಡು ಬಂದ ಹುಡುಗಿಗೆ 'ನನಗೆ ಇಷ್ಟವಿಲ್ಲ' ಎನ್ನಲು ಯಾವ ಹೆಂಗಸಿಗೂ ಧೈರ್ಯ ಬರುವುದಿಲ್ಲ. ಬೇಡ ಎನ್ನಲು ಜಾಗವೇ ಇಲ್ಲದ ಕಡೆ ಸಿಕ್ಕ ಒಪ್ಪಿಗೆಗೆ ಬೆಲೆಯಿಲ್ಲ. ಇನ್ನೊಂದು, ಅವರು ಕೊಡುವ ನೂರು ಹೆಸರು ಅವರ ಬ್ರಾಂಚಿಗೆ (ಕಟ್ಟಿದ ಬೀಡಿ ಒಪ್ಪಿಸುವ ಜಾಗ) ನಿಯತ್ತಾಗಿ ಬರುವವರದು. ಬೀಡಿ ಬಿಟ್ಟು ಬೇರೆ ಕೆಲಸಕ್ಕೆ ಹೋದವರು, ಬೇರೆ ಬ್ರಾಂಚಿಗೆ ಕಟ್ಟುವವರು, ಜಗಳವಾಡಿದವರು ಅದರಲ್ಲಿ ಇರುವುದಿಲ್ಲ. ಒಪ್ಪಿಗೆ ಕೆಟ್ಟಲ್ಲೇ ಮಾಹಿತಿಯೂ ಕೆಟ್ಟಿತು. ಸಂಶೋಧನೆಯ ನೀತಿ ಬೇರೆ ಅಧ್ಯಾಯ, ವಿಧಾನ ಬೇರೆ ಅಧ್ಯಾಯ ಎಂದು ಪಠ್ಯದಲ್ಲಿ ಓದಿರುತ್ತೀರಿ. ಜಗಲಿಯಲ್ಲಿ ಕುಳಿತಾಗ ಅವೆರಡೂ ಒಂದೇ ಕೆಲಸ.

ಪಟ್ಟಿಯನ್ನು ನೀವೇ ಮಾಡಿ. ಎರಡೂ ವಾರ್ಡುಗಳ ಮತದಾರರ ಪಟ್ಟಿ ಸಾರ್ವಜನಿಕ ದಾಖಲೆ, ರಾಜ್ಯ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಮನೆಗಳ ಕ್ರಮ ತಿಳಿಯಲು ಮಾತ್ರ ಅದನ್ನು ಬಳಸಿ. ಗಲ್ಫಿನಲ್ಲಿರುವವರ ಹೆಸರು ಅದರಲ್ಲಿ ಇರುತ್ತದೆ, ಬಾಡಿಗೆ ಮನೆಗೆ ಹೊಸದಾಗಿ ಬಂದವರ ಹೆಸರು ಇರುವುದಿಲ್ಲ. ಅನಂತರ ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ, ಅಕ್ಕಪಕ್ಕದ ಮನೆಗಳ ಹೆಂಗಸರ ಗುಂಪುಗಳಾದ ಅಯಲ್‌ಕೂಟಗಳಿಗೆ ಹೋಗಿ. ಒಂದೊಂದರಲ್ಲಿ 10ರಿಂದ 20 ಮನೆಯ ಹೆಂಗಸರು ಇರುತ್ತಾರೆ, ಯಾವ ಮನೆಯಲ್ಲಿ ಈಗಲೂ ಬೀಡಿ ಕಟ್ಟುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಕೂಟದ ಕಾರ್ಯದರ್ಶಿ ಮನೆ ತೋರಿಸಲಿ, ನಿಮ್ಮ ಪರವಾಗಿ ಯಾರನ್ನೂ ಒಪ್ಪಿಸುವುದು ಬೇಡ. ಮನೆ ತೋರಿಸಿ ಅವರು ಹಿಂದಿರುಗಿದ ಮೇಲೆಯೇ ನಿಮ್ಮ ಮಾತು ಶುರುವಾಗಬೇಕು. ಕೂಟಕ್ಕೆ ಸೇರದ ಮನೆಗಳೂ ಇರುತ್ತವೆ. ಹಾಗಾಗಿ ಒಂದು ದಿನ ರಸ್ತೆ ರಸ್ತೆ ನಡೆದು ಪಟ್ಟಿಯನ್ನು ತಾಳೆ ನೋಡಿ.

ನೂರು ಎಂಬ ಸಂಖ್ಯೆಗೆ ಬರೋಣ. ಎರಡು ವಾರ್ಡು ಸೇರಿ ಬೀಡಿ ಕಟ್ಟುವ 240 ಮನೆ ಸಿಕ್ಕವು ಎಂದಿಟ್ಟುಕೊಳ್ಳಿ. ಎಷ್ಟು ಮನೆ ಕೇಳಿದರೆ ಸಾಕು ಎಂದು ಲೆಕ್ಕ ಹಾಕುವ ಯಮಾನೆ ಸೂತ್ರದಲ್ಲಿ ಒಟ್ಟು ಸಂಖ್ಯೆಯನ್ನು '1 + (ಒಟ್ಟು ಸಂಖ್ಯೆ × ದೋಷದ ವರ್ಗ)' ಎಂಬುದರಿಂದ ಭಾಗಿಸಬೇಕು. ಶೇ. 5 ದೋಷಕ್ಕೆ 240 ÷ 1.6 = 150 ಮನೆ. ಶೇ. 10 ದೋಷಕ್ಕೆ 240 ÷ 3.4, ಅಂದರೆ 71 ಮನೆ. ನೂರು ಮನೆ ಮಾಡಿದರೆ ದೋಷ ಸುಮಾರು ಶೇ. 7.6, ಎಂಬತ್ತಾದರೆ ಸುಮಾರು ಶೇ. 9. ಮೂರು ತಿಂಗಳಲ್ಲಿ ಒಬ್ಬರೇ ಮಾಡುವ ಕೆಲಸಕ್ಕೆ 80 ಮನೆಯ ಪ್ರಶ್ನಾವಳಿ ಮತ್ತು ಅವುಗಳಲ್ಲೇ 12 ಮನೆಗಳ ಉದ್ದ ಸಂದರ್ಶನ, ಕಾಟಾಚಾರದ ನೂರು ಹಾಳೆಗಿಂತ ಎಷ್ಟೋ ಮೇಲು. ಈ ಲೆಕ್ಕವನ್ನು ಕಾಗದದಲ್ಲಿ ಬರೆದು ಗೈಡ್‌ಗೆ ತೋರಿಸಿ. ಲೆಕ್ಕ ಮುಂದಿದ್ದರೆ ಮಾತುಕತೆ ಸುಲಭ.

ಸೂತ್ರ ಕೆಲಸ ಮಾಡುವುದು ಮನೆಗಳನ್ನು ಯಾದೃಚ್ಛಿಕವಾಗಿ, ಅಂದರೆ ನಿಮ್ಮ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ, ಆರಿಸಿದರೆ ಮಾತ್ರ. 240ನ್ನು 80ರಿಂದ ಭಾಗಿಸಿದರೆ 3. ಒಂದು, ಎರಡು, ಮೂರು ಎಂದು ಚೀಟಿ ಬರೆದು ಒಂದನ್ನು ಎತ್ತಿ. ಎರಡು ಬಂದರೆ ಪಟ್ಟಿಯ 2, 5, 8, 11ನೆಯ ಮನೆ ಹೀಗೆ ಸಾಗಬೇಕು. ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮನೆಗೆ ಬೀಗ ಬಿದ್ದಿದ್ದರೆ ಪಕ್ಕದ ಮನೆಗೆ ಹೊಕ್ಕುಬಿಡುತ್ತಾರೆ. ಹಾಗೆ ಮಾಡಬಾರದು. ಹಗಲು ಬೀಗ ಹಾಕುವ ಮನೆಯ ಹೆಂಗಸು ಹೊರಗೂ ದುಡಿಯುತ್ತಿರಬಹುದು. ಆಕೆಯ ಭಾಷಾ ಬಳಕೆ ಮನೆಯಲ್ಲೇ ಇರುವವರದ್ದಕ್ಕಿಂತ ಬೇರೆ, ನೀವು ಹುಡುಕುತ್ತಿರುವುದೇ ಆ ವ್ಯತ್ಯಾಸವನ್ನು. ಬೇರೆ ಬೇರೆ ಹೊತ್ತಿನಲ್ಲಿ, ಅದರಲ್ಲಿ ಒಮ್ಮೆ ಭಾನುವಾರ, ಮೂರು ಸಲ ಹೋಗಿ. ಆಮೇಲೂ ಸಿಗದಿದ್ದರೆ 'ಸಿಗಲಿಲ್ಲ' ಎಂದು, ಒಪ್ಪದಿದ್ದರೆ 'ಒಪ್ಪಲಿಲ್ಲ' ಎಂದು ಬರೆದು ವರದಿಯಲ್ಲಿ ಎರಡೂ ಸಂಖ್ಯೆಗಳನ್ನು ಕೊಡಿ. 80ರಲ್ಲಿ 66 ಸಿಕ್ಕಿದ್ದರೆ 66 ಎಂದೇ ಬರೆಯಿರಿ. ಉಳಿದ 14 ಹಾಳೆಗಳನ್ನು ರಾತ್ರಿ ಮನೆಯಲ್ಲಿ ಕುಳಿತು ತುಂಬಿಸುವುದು ಅಕ್ಷರಶಃ ಸುಳ್ಳು ದಾಖಲೆ. ಅದು ಗೊತ್ತೂ ಆಗುತ್ತದೆ. ಅಂಥ ಹಾಳೆಗಳಲ್ಲಿ ಒಂದು ಉತ್ತರವೂ ಖಾಲಿ ಇರುವುದಿಲ್ಲ, ಎಲ್ಲ ಒಂದೇ ಶಾಯಿ, ವಯಸ್ಸುಗಳೆಲ್ಲ 35, 40, 45.

ಗೂಗಲ್ ಫಾರ್ಮ್ ನಿಮ್ಮ ವಿಷಯಕ್ಕೆ ಹೊಂದುವುದಿಲ್ಲ. ವಾಟ್ಸ್ಆ್ಯಪ್ ಗುಂಪಿಗೆ ಲಿಂಕ್ ಹಾಕಿದರೆ ತುಂಬುವವರು ಕಾಲೇಜಿಗೆ ಹೋಗುವ ಮಕ್ಕಳು. ಅಮ್ಮನ ಉತ್ತರವನ್ನು ಮಗಳು ಊಹಿಸಿ ಒತ್ತುತ್ತಾಳೆ.

ಈಗ ಭಾಷೆ. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯಲ್ಲಿ ಹೇಳುವುದು ಸುಲಭ. ಪ್ರಶ್ನಾವಳಿಯಲ್ಲಿ ಅದನ್ನು ನಿಭಾಯಿಸುವುದು ಕಷ್ಟ, ನಿಮ್ಮ ಸಮಯದ ದೊಡ್ಡ ಪಾಲು ಇಲ್ಲಿಗೇ ಹೋಗಲಿ. 'ನಿಮ್ಮ ಮಾತೃಭಾಷೆ ಯಾವುದು?' ಎಂದು ಕೇಳಿದರೆ ಮನೆಯಲ್ಲಿ ತುಳು ಆಡುತ್ತ ಕನ್ನಡ ಶಾಲೆಯಲ್ಲಿ ಕಲಿತವರು 'ಕನ್ನಡ' ಎನ್ನುವುದುಂಟು, ಬ್ಯಾರಿ ಆಡುವವರು 'ಮಲಯಾಳ' ಎಂದು ಬರೆಸುವುದುಂಟು. ಅವರು ಸುಳ್ಳು ಹೇಳುತ್ತಿಲ್ಲ. ಆ ಪದವನ್ನು ಅವರು ಕಲಿತ ಭಾಷೆ, ಸರಕಾರಿ ಭಾಷೆ, ತಮ್ಮವರ ಭಾಷೆ ಎಂದು ಅರ್ಥಮಾಡಿಕೊಂಡಿದ್ದಾರೆ. ಜನಗಣತಿಯಲ್ಲಿ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆಡುತ್ತಿದ್ದ ಭಾಷೆ. ಆ ವ್ಯಾಖ್ಯೆ ಎದುರಿಗಿರುವವರ ತಲೆಯಲ್ಲಿ ಇರಬೇಕೆಂದಿಲ್ಲ. 1956ರ ನವೆಂಬರ್ 1ರಿಂದ ಈ ಪ್ರದೇಶ ಕೇರಳದಲ್ಲಿದೆ. ಅಂದಿನಿಂದಲೂ ಇಲ್ಲಿ ಭಾಷೆಯ ಪ್ರಶ್ನೆ ಬರೀ ಮಾತಿನ ಪ್ರಶ್ನೆಯಲ್ಲ. ಅದನ್ನು ಕೇಳಿದ ಕೂಡಲೇ ಎದುರಿನವರು 'ಇವಳು ಯಾರ ಕಡೆಯವಳು' ಎಂದು ಅಳೆಯುತ್ತಾರೆ.

ಆದ್ದರಿಂದ ಆ ಒಂದು ಪ್ರಶ್ನೆಯನ್ನು ಸಂದರ್ಭಗಳಾಗಿ ಒಡೆಯಿರಿ. ತಾಯಿಯೊಡನೆ ಯಾವ ಮಾತು? ಗಂಡನೊಡನೆ? ಹಿರಿಯ ಮಗುವಿನೊಡನೆ? ಕಿರಿಯ ಮಗುವಿನೊಡನೆ? (ಕೊನೆಯ ಎರಡರ ನಡುವಿನ ವ್ಯತ್ಯಾಸವೇ ಎಷ್ಟೋ ಸಲ ಇಡೀ ಪ್ರಾಜೆಕ್ಟಿನ ಸಾರವಾಗಿರುತ್ತದೆ.) ಬ್ರಾಂಚಿನಲ್ಲಿ? ರೇಷನ್ ಅಂಗಡಿಯಲ್ಲಿ? ವಿಲೇಜ್ ಆಫೀಸಿನಲ್ಲಿ? ಬೀಡಿ ಎಣಿಸುವಾಗ ಮನಸ್ಸಿನಲ್ಲಿ ಯಾವ ಭಾಷೆಯ ಒಂದು, ಎರಡು? ವಿಲೇಜ್ ಆಫೀಸಿನ ಪ್ರಶ್ನೆಯ ಜೊತೆ, ಅರ್ಜಿಯನ್ನು ಯಾರು ಬರೆದುಕೊಟ್ಟರು, ಯಾವ ಭಾಷೆಯಲ್ಲಿ ಎಂದೂ ಕೇಳಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಹಕ್ಕು ಇರುವುದು ಬೇರೆ, ಅರ್ಜಿ ಬರೆಯುವಾಗ ಅದು ನೆನಪಾಗುವುದು ಬೇರೆ. ನಿಮ್ಮ ಅಧ್ಯಯನ ಹಿಡಿಯಬಹುದಾದ ಅಂತರ ಅದು.

ಪ್ರಶ್ನಾವಳಿಯನ್ನು ಕನ್ನಡದಲ್ಲಿ ಬರೆದು, ತುಳುವಿಗೂ ಮಲಯಾಳಕ್ಕೂ ಸ್ಥಳದಲ್ಲೇ ಬಾಯಿಂದ ತಿರುಗಿಸಿದರಾಯಿತು ಎಂದುಕೊಳ್ಳಬೇಡಿ. ಹಾಗೆ ಮಾಡಿದರೆ ಹತ್ತನೆಯ ಮನೆಯಲ್ಲಿ ಕೇಳುವ ಪ್ರಶ್ನೆಯೇ ಬೇರೆಯಾಗಿರುತ್ತದೆ. ಮೂರು ಭಾಷೆಯ ವಾಕ್ಯಗಳನ್ನೂ ಮೊದಲೇ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳಿ. 'ಈರ್ ಇಲ್ಲಡ್ ಒವು ಬಾಸೆ ಪಾತೆರುವರ್?' (ನೀವು ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ?) ಎಂದು ತುಳುವಿನಲ್ಲಿ ಬರೆದದ್ದನ್ನು, ಕನ್ನಡ ಮೂಲ ನೋಡಿರದ ಗೆಳತಿಯೊಬ್ಬಳಿಂದ ಮತ್ತೆ ಕನ್ನಡಕ್ಕೆ ಮಾಡಿಸಿ. ಎರಡು ಕನ್ನಡಗಳು ಕೂಡಿಬಂದರೆ ಪ್ರಶ್ನೆ ಸರಿ, ಬರದಿದ್ದರೆ ತುಳು ವಾಕ್ಯವನ್ನು ತಿದ್ದಬೇಕು. ತುಳುವಿನಲ್ಲಿ 'ಈ' (ನೀನು) ಮತ್ತು 'ಈರ್' (ನೀವು) ನಡುವೆ ಎಚ್ಚರವಿರಲಿ. ಅಮ್ಮನ ವಯಸ್ಸಿನವರಿಗೆ ಬಾಯಿತಪ್ಪಿ 'ಈ' ಎಂದರೆ ಆ ಮನೆಯ ಸಂದರ್ಶನ ಅಲ್ಲಿಗೇ ಮುಗಿದಂತೆ.

'ಸರ್ವೆಗೆ ಬಂದಿದ್ದೇನೆ' ಎಂದು ಮಾತ್ರ ಹೇಳಬೇಡಿ. ಸರ್ವೆ ಎಂದರೆ ಜನರಿಗೆ ಜಾಗದ ಅಳತೆ, ಇಲ್ಲವೇ ಪಿಂಚಣಿ, ಪಿ.ಎಫ್., ರೇಷನ್ ಕಾರ್ಡಿನ ತನಿಖೆ. ಕೇರಳದಲ್ಲಿ ಹಳದಿ ಮತ್ತು ಗುಲಾಬಿ ಕಾರ್ಡು ಆದ್ಯತೆಯ ಮನೆಗಳದ್ದು, ನೀಲಿ ಮತ್ತು ಬಿಳಿ ಉಳಿದವರದ್ದು. 'ತಿಂಗಳ ಆದಾಯ ಎಷ್ಟು?' ಎಂದು ಕೇಳಿದ ತಕ್ಷಣ ಗುಲಾಬಿ ಕಾರ್ಡು ಕೈತಪ್ಪೀತು ಎಂಬ ಭಯದಲ್ಲಿ ಉತ್ತರ ಅರ್ಧಕ್ಕೆ ಇಳಿಯುತ್ತದೆ. ಆದಾಯ ಕೇಳುವ ಬದಲು ದಿನಕ್ಕೆ ಎಷ್ಟು ಬೀಡಿ, ವಾರಕ್ಕೆ ಎಷ್ಟು ದಿನ, ರಿಜೆಕ್ಟ್ ಆಗುವುದು ಎಷ್ಟು ಎಂದು ಕೇಳಿ. ಸಾವಿರಕ್ಕೆ ಎಷ್ಟು ಕೂಲಿ ಎಂಬುದು ಊರಿಗೇ ಗೊತ್ತಿರುವ ವಿಷಯ, ಗುಣಾಕಾರ ನೀವು ಮಾಡಿಕೊಳ್ಳಬಹುದು.

ಪ್ರಶ್ನೆಗಳು 25 ಮೀರದಿರಲಿ, ಇಪ್ಪತ್ತು ನಿಮಿಷದಲ್ಲಿ ಮುಗಿಯಲಿ. 'ಕನ್ನಡ ಮಾಧ್ಯಮ ಒಳ್ಳೆಯದು ಮತ್ತು ಅಗತ್ಯ ಎನಿಸುತ್ತದೆಯೇ?' ಎಂಬಂಥ ಪ್ರಶ್ನೆ ಎರಡು ರೀತಿಯಲ್ಲಿ ತಪ್ಪು. ಒಂದರಲ್ಲೇ ಎರಡನ್ನು ಕೇಳುತ್ತದೆ, ಯಾವ ಉತ್ತರ ಬೇಕೆಂದೂ ಹೇಳಿಕೊಡುತ್ತದೆ. 'ಮಗುವನ್ನು ಈ ಶಾಲೆಗೆ ಸೇರಿಸುವ ಮೊದಲು ಬೇರೆ ಯಾವ ಶಾಲೆ ನೋಡಿದ್ದಿರಿ?' ಎಂದು ಕೇಳಿ ಸುಮ್ಮನಾಗಿ. ನಡೆದದ್ದನ್ನು ಕೇಳಿದರೆ ಉತ್ತರ ಗಟ್ಟಿ, ಅಭಿಪ್ರಾಯ ಕೇಳಿದರೆ ಮರ್ಯಾದೆಯ ಉತ್ತರ. ನಿಮ್ಮ ಮಾದರಿಗೆ ಸೇರದ ಬೇರೊಂದು ವಾರ್ಡಿನ ಎಂಟು ಮನೆಗಳಲ್ಲಿ ಮೊದಲು ಕೇಳಿ ನೋಡಿ. ಎಲ್ಲಿ ಮುಖ ಗಂಟಿಕ್ಕುತ್ತದೆ, ಎಲ್ಲಿ 'ಅಂದರೆ?' ಎನ್ನುತ್ತಾರೆ ಎಂಬುದನ್ನು ಪಕ್ಕದಲ್ಲಿ ಗುರುತು ಹಾಕಿಕೊಂಡು ತಿದ್ದಿ. ಈ ಎಂಟು ಮನೆಗಳ ಉತ್ತರಗಳನ್ನು ಮುಖ್ಯ ಲೆಕ್ಕಕ್ಕೆ ಸೇರಿಸಬಾರದು.

ಒಪ್ಪಿಗೆಯ ನಿಯಮಗಳ ಹಿಂದೆ ದೊಡ್ಡ ಚರಿತ್ರೆಯಿದೆ. 1947ರ ನ್ಯೂರೆಂಬರ್ ಸಂಹಿತೆ, 1964ರ ಹೆಲ್ಸಿಂಕಿ ಘೋಷಣೆ, 1979ರ ಬೆಲ್ಮಾಂಟ್ ವರದಿ, ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ. ಎಲ್ಲವೂ ವೈದ್ಯಕೀಯದ ಸುತ್ತ ಹುಟ್ಟಿದವು, ಆದರೆ ತತ್ವ ನಿಮಗೂ ಅನ್ವಯಿಸುತ್ತದೆ: ತಿಳಿದು, ತಾನಾಗಿ ಒಪ್ಪಬೇಕು, ಯಾವಾಗ ಬೇಕಾದರೂ ಬಿಡಬಹುದು. ಸಹಿಯೇ ಆಗಬೇಕೆಂದಿಲ್ಲ. ಕಾಗದಕ್ಕೆ ಸಹಿ ಹಾಕಿಸಿಕೊಂಡವರಿಂದ ಮೋಸ ಹೋದ ನೆನಪಿರುವ ಮನೆಗಳಲ್ಲಿ ಸಹಿ ಕೇಳುವುದೇ ಹೆದರಿಸಿದಂತೆ. ಬಾಯಿಮಾತಿನ ಒಪ್ಪಿಗೆ ಪಡೆಯುವುದಾಗಿ ಗೈಡ್ ಮತ್ತು ವಿಭಾಗದ ಇನ್ನೊಬ್ಬ ಅಧ್ಯಾಪಕರಿಂದ ಮೊದಲೇ ಲಿಖಿತ ಅನುಮತಿ ಪಡೆಯಿರಿ. ಕಾಲೇಜಿನಲ್ಲಿ ನೀತಿ ಸಮಿತಿ ಇದ್ದರೆ ಅಲ್ಲಿಂದ. ಓದಿ ಹೇಳಿದೆ, ಒಪ್ಪಿದರು ಎಂದು ನೀವು ದಿನಾಂಕ ಸಮೇತ ಸಹಿ ಹಾಕಿ. ಹೆಬ್ಬೆಟ್ಟು ಪಡೆಯುವಲ್ಲಿ ಓದು ಬಲ್ಲ ಸಾಕ್ಷಿಯೊಬ್ಬರು ಬೇಕು. ಆ ಸಾಕ್ಷಿ ಬೀಡಿ ಬ್ರಾಂಚಿನವರಾಗಿರಬಾರದು. ಹೇಳುವ ಮಾತು ಹೀಗಿರಲಿ:

'ಅಕ್ಕ, ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ. ಬೀಡಿ ಕಟ್ಟುವ ಮನೆಗಳಲ್ಲಿ ಎಲ್ಲೆಲ್ಲಿ ಯಾವ ಭಾಷೆ ಆಡುತ್ತಾರೆ ಎಂದು ಬರೆಯಬೇಕು. ಚೀಟಿ ಎತ್ತಿದಾಗ ನಿಮ್ಮ ಮನೆ ಬಂತು. ಇಪ್ಪತ್ತು ನಿಮಿಷ ಬೇಕು, ನೀವು ಬೀಡಿ ಕಟ್ಟುತ್ತಲೇ ಮಾತಾಡಬಹುದು. ಇದರಿಂದ ನಿಮಗೆ ಸರಕಾರದ್ದೋ ಕಂಪನಿಯದ್ದೋ ಏನೂ ಸಿಗುವುದಿಲ್ಲ, ಏನೂ ಕಡಿತವಾಗುವುದೂ ಇಲ್ಲ. ನಿಮ್ಮ ಹೆಸರು ಬರೆಯುವುದಿಲ್ಲ. ಬೇಡದ ಪ್ರಶ್ನೆ ಬಿಡಬಹುದು, ನಡುವೆ ಸಾಕು ಎನ್ನಬಹುದು. ಮುಂದಿನ ತಿಂಗಳ ಕೊನೆಯ ತನಕ "ನನ್ನದು ತೆಗೆದುಬಿಡು" ಎಂದರೆ ತೆಗೆಯುತ್ತೇನೆ. ಈಗ ಕೇಳಲೇ, ಇನ್ನೊಂದು ದಿನ ಬರಲೇ, ಅಥವಾ ಬೇಡವೇ?'

ಕೊನೆಯ ಮೂರು ಆಯ್ಕೆಗಳನ್ನು ಬಿಡಬೇಡಿ. 'ಬೇಡವೇ?' ಎಂಬುದು ನಿಮ್ಮ ಬಾಯಿಂದಲೇ ಬಂದರೆ ಅವರಿಗೆ ಬೇಡ ಎನ್ನುವುದು ಸುಲಭ. ಕಟ್ಟುತ್ತಲೇ ಮಾತಾಡಲಿ ಎಂದದ್ದಕ್ಕೂ ಕಾರಣವಿದೆ. ಲೆಕ್ಕದ ಮೇಲೆ ಕೂಲಿ ಪಡೆಯುವವರ ತಡ್ಪೆಯನ್ನು (ಬೀಡಿ ಕಟ್ಟುವಾಗ ಮಡಿಲಲ್ಲಿಡುವ ಮೊರ) ಒಂದು ಗಂಟೆ ಬದಿಗಿಡಿಸಿದರೆ ಅವರ ಆ ದಿನದ ದುಡಿಮೆಯಲ್ಲಿ ನೀವು ಪಾಲು ಕಿತ್ತುಕೊಂಡಂತೆ. ಬ್ರಾಂಚಿಗೆ ಬೀಡಿ ಒಪ್ಪಿಸುವ ದಿನ ಬೆಳಗ್ಗೆ ಹೋಗಲೇಬೇಡಿ.

ಪಕ್ಕದಲ್ಲಿ ಅತ್ತೆಯೋ ಗಂಡನೋ ಕುಳಿತಿದ್ದರೆ ಉತ್ತರ ಬದಲಾಗುತ್ತದೆ. ಅವರನ್ನು ಏಳಿಸಬೇಡಿ, ಜಗಲಿ ಅವರದ್ದು. 'ಯಾರಿದ್ದರು' ಎಂಬ ಒಂದು ಕಾಲಂ ಹಾಳೆಯಲ್ಲಿರಲಿ, ಸೂಕ್ಷ್ಮ ಪ್ರಶ್ನೆಗಳನ್ನು ಇನ್ನೊಂದು ಭೇಟಿಗೆ ಇಟ್ಟುಕೊಳ್ಳಿ. ನಿಮ್ಮ ಸ್ವಂತ ಚಿಕ್ಕಮ್ಮನ ಮನೆ ಚೀಟಿಯಲ್ಲಿ ಬಂದರೆ ಗೆಳತಿಯನ್ನು ಕಳಿಸಿ, ಹಾಗೆ ಮಾಡಿದ್ದನ್ನು ವರದಿಯಲ್ಲಿ ಹೇಳಿ.

ರೆಕಾರ್ಡಿಂಗ್‌ಗೆ ಪ್ರತ್ಯೇಕ ಒಪ್ಪಿಗೆ ಬೇಕು. ಮಾತಿಗೆ ಒಪ್ಪಿದವರು ಧ್ವನಿಗೆ ಒಪ್ಪಬೇಕೆಂದಿಲ್ಲ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಾತಾಡುವವರಿಂದ ಒಂದು ಮೊಳ ದೂರದಲ್ಲಿ ಬಟ್ಟೆಯ ಮೇಲೆ ಇಡಿ. ಬರೀ ನೆಲದ ಮೇಲಿಟ್ಟರೆ ತಡ್ಪೆಯ ಸದ್ದೆಲ್ಲ ಅದರೊಳಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಶೀಟಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದರೆ ಮಳೆ ಮಾತ್ರ ಕೇಳಿಸುತ್ತದೆ. ಆಗ ಕೈಬರಹದ ಟಿಪ್ಪಣಿಯೇ ಗತಿ, ಅದನ್ನು ಅದೇ ರಾತ್ರಿ ಬಿಡಿಸಿ ಬರೆಯಬೇಕು. ಒಂದು ಗಂಟೆಯ ಧ್ವನಿಯನ್ನು ಬರೆದಿಳಿಸಲು ಕಡಿಮೆಯೆಂದರೆ ನಾಲ್ಕರಿಂದ ಆರು ಗಂಟೆ. ತುಳು, ಕನ್ನಡ, ಮಲಯಾಳ ಬೆರೆತ ಮಾತಿಗೆ ಇನ್ನೂ ಹೆಚ್ಚು. ಹನ್ನೆರಡು ಸಂದರ್ಶನ ಎಂದದ್ದು ಇದಕ್ಕೇ. ಬರೆದಿಳಿಸುವಾಗ ಎಲ್ಲವನ್ನೂ ಗ್ರಂಥದ ಕನ್ನಡಕ್ಕೆ ತಿರುಗಿಸಬೇಡಿ, ಒಂದು ವಾಕ್ಯದ ನಡುವೆ ಭಾಷೆ ಬದಲಾಗುವ ಜಾಗವೇ ನಿಮ್ಮ ದತ್ತಾಂಶ. ಧ್ವನಿಯನ್ನು ಪುಕ್ಕಟೆ ಆ್ಯಪ್‌ಗೆ ಏರಿಸಿ ಅಕ್ಷರ ಮಾಡಿಸುವ ಆಸೆ ಬರುತ್ತದೆ. 'ನಾನೂ ನನ್ನ ಗೈಡೂ ಮಾತ್ರ ಕೇಳುತ್ತೇವೆ' ಎಂದು ಮಾತು ಕೊಟ್ಟಿದ್ದರೆ ಅದು ಮಾತಿಗೆ ತಪ್ಪಿದಂತೆ.

ಮಕ್ಕಳನ್ನು ಕೇಳುವುದಾದರೆ ದಾರಿ ಬೇರೆ. 18 ವರ್ಷದೊಳಗಿನವರಿಗೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಜೊತೆಗೆ ಮಗುವಿನದ್ದೂ. 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದವರಿಂದ ಬಾಯಿಮಾತಿನಲ್ಲಿ, ಅದಕ್ಕೆ ಮೇಲಿನವರಿಂದ ಸರಳ ಬರಹದಲ್ಲಿ. ಶಾಲೆಯೊಳಗೆ ಕೇಳಬೇಕಿದ್ದರೆ ಮುಖ್ಯೋಪಾಧ್ಯಾಯರ ಮತ್ತು ಉಪಜಿಲ್ಲಾ ಶಿಕ್ಷಣಾಧಿಕಾರಿಗಳ ಅನುಮತಿಯನ್ನೂ ಪಡೆಯಿರಿ. ಆದರೆ ನಿಮ್ಮ ವಿಷಯಕ್ಕೆ ತಾಯಂದಿರು ಸಾಕು, ಮಕ್ಕಳನ್ನು ಬಿಟ್ಟುಬಿಡಿ ಎಂಬುದು ನನ್ನ ಸಲಹೆ.

'ಯಾರಿಗೂ ಹೇಳುವುದಿಲ್ಲ' ಎಂದು ಪೂರ್ತಿ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ವರದಿ ಮಾಡಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ, ಮಾಡದಿದ್ದರೆ ಶಿಕ್ಷೆಯಿದೆ, ಸಂಶೋಧಕರಿಗೆ ವಿನಾಯಿತಿಯಿಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ಇವೆರಡನ್ನೂ ಬರೆದ ಚೀಟಿ ಚೀಲದಲ್ಲಿರಲಿ. ಭಾಷೆಯ ಬಗ್ಗೆ ಕೇಳಲು ಹೋದಲ್ಲಿ ಹೊಡೆತದ ಕಥೆ ಹೊರಬರುವುದುಂಟು. ಆಗ ಪ್ರಶ್ನಾವಳಿ ಮಡಚಿ, ಕೇಳಿ, ಚೀಟಿ ಕೊಡಿ. ಅದನ್ನು ದತ್ತಾಂಶ ಮಾಡಬೇಡಿ.

ನಿಮ್ಮ ಸಹಪಾಠಿಗಳಲ್ಲಿ ಯಾರಾದರೂ ಕಾಸರಗೋಡಿನದೇ ಎಣ್ಮಕಜೆಯ ಕಡೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂತ್ರಸ್ತರ ವಿಷಯ ಎತ್ತಿಕೊಂಡಿದ್ದರೆ ಈ ಮಾತನ್ನು ಅವರಿಗೂ ತಲುಪಿಸಿ. ಗೇರುತೋಟಗಳ ಮೇಲಿನ ವೈಮಾನಿಕ ಸಿಂಪಡಣೆ 2000ದಲ್ಲಿ ನಿಂತಿತು, ಸುಪ್ರೀಂ ಕೋರ್ಟ್ 2011ರಲ್ಲಿ ಕೀಟನಾಶಕವನ್ನೇ ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಈ ನಡುವೆ ಆ ಮನೆಗಳ ಅಂಗಳಕ್ಕೆ ವೈದ್ಯರು, ಪತ್ರಕರ್ತರು, ಸಂಶೋಧಕರು, ವಿದ್ಯಾರ್ಥಿಗಳು ಬಂದು ಹೋಗಿದ್ದಾರೆ. ಅದೇ ತಾಯಿಯಿಂದ ಅದೇ ಮಗುವಿನ ಕಥೆಯನ್ನು ಮತ್ತೊಮ್ಮೆ ಹೇಳಿಸುವುದರಿಂದ ಪ್ರಾಜೆಕ್ಟಿಗೆ ಹೊಸದೇನೂ ಸಿಗುವುದಿಲ್ಲ, ತಾಯಿಗೆ ನೋವಂತೂ ಹೊಸದು. ಅಂಥಲ್ಲಿ ಕೋರ್ಟಿನ ಆದೇಶಗಳು, ಸರಕಾರಿ ವರದಿಗಳು, ಮಾಹಿತಿ ಹಕ್ಕಿನ ಅರ್ಜಿಗಳಿಂದ ಶುರುಮಾಡಬೇಕು. ಪ್ರಾಥಮಿಕ ದತ್ತಾಂಶವೆಂದರೆ ಸಂದರ್ಶನ ಮಾತ್ರವಲ್ಲ, ಮೂಲ ದಾಖಲೆಯೂ ಹೌದು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ನಿಮಗೂ ಶಾಲೆಗಳ ಮಾಧ್ಯಮವಾರು ಮಕ್ಕಳ ಸಂಖ್ಯೆ ಬೇಕಲ್ಲ, ಆ ಅರ್ಜಿಯನ್ನು ಮೊದಲ ವಾರವೇ ಹಾಕಿಬಿಡಿ.

ಹಾಳೆಗಳ ಮೇಲೆ ಹೆಸರಿನ ಬದಲು ಸಂಕೇತ ಬರೆಯಿರಿ, 'ವಾ3-ಮ17' ಎಂಬಂತೆ. ಸಂಕೇತಕ್ಕೂ ಮನೆಗೂ ಕೊಂಡಿಯಾದ ಪಟ್ಟಿ ಬೇರೆ ನೋಟ್‌ಬುಕ್ಕಿನಲ್ಲಿ, ಬೀಗದೊಳಗೆ. ಫೋನ್ ನಂಬರ್, ಆಧಾರ್ ಯಾವುದೂ ನಿಮಗೆ ಬೇಕಿಲ್ಲ, ಕೇಳಲೇಬೇಡಿ. ಎಕ್ಸೆಲ್‌ನಲ್ಲಿ 'ಗೊತ್ತಿಲ್ಲ' ಎಂಬುದಕ್ಕೆ 88, 'ಉತ್ತರಿಸಲಿಲ್ಲ' ಎಂಬುದಕ್ಕೆ 99 ಹಾಕಿ. ಖಾಲಿ ಬಿಟ್ಟರೆ ಅಥವಾ ಸೊನ್ನೆ ಹಾಕಿದರೆ ಆಮೇಲೆ ಯಾವುದು ಯಾವುದೆಂದು ನಿಮಗೇ ತಿಳಿಯದು. ಸರಾಸರಿ ತೆಗೆಯುವ ಮೊದಲು ಈ ಸಂಕೇತಗಳನ್ನು ಹೊರಗಿಡಲು ಮರೆತರೆ, 99 ಬೀಡಿ ಎಂದು ಲೆಕ್ಕಕ್ಕೆ ಸೇರಿಬಿಡುತ್ತದೆ. ತುಂಬಿದ ಹಾಳೆಗಳಲ್ಲಿ ಯಾವುದಾದರೂ ಎಂಟನ್ನು ಎರಡನೇ ಬಾರಿ ನಮೂದಿಸಿ ತಾಳೆ ನೋಡಿ.

ಹೆಸರು ಬದಲಿಸಿದರೆ ಗುರುತು ಅಳಿಯಿತು ಎಂದುಕೊಳ್ಳುವುದು ದೊಡ್ಡ ತಪ್ಪು. 'ಮೂರನೇ ವಾರ್ಡಿನ, 52 ವರ್ಷದ, ಕೊಂಕಣಿ ಮಾತಾಡುವ, ಹಿಂದೆ ಪಂಚಾಯತ್ ಸದಸ್ಯೆಯಾಗಿದ್ದ ಬೀಡಿ ಕಾರ್ಮಿಕೆ' ಎಂದು ಬರೆದರೆ ಹೆಸರಿನ ಅಗತ್ಯವೇ ಇಲ್ಲ, ಊರಿಗೆ ಗೊತ್ತು. ವಯಸ್ಸನ್ನು '50 ದಾಟಿದ' ಎನ್ನಿ, ವಾರ್ಡು ಬಿಡಿ, ಹುದ್ದೆ ಬಿಡಿ. ಕೋಷ್ಟಕದ ಒಂದು ಖಾನೆಯಲ್ಲಿ ಎರಡೋ ಮೂರೋ ಜನರಿದ್ದರೆ 'ಇತರ' ಎಂದು ಕೂಡಿಸಿ. ಖಾನೆಗಳ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಾದಲ್ಲಿ ಕೈ-ವರ್ಗ (chi-square) ಪರೀಕ್ಷೆಯನ್ನೂ, ಅಂದರೆ ಎರಡು ಸಂಗತಿಗಳ ನಡುವೆ ಸಂಬಂಧವಿದೆಯೇ ಎಂದು ನೋಡುವ ಲೆಕ್ಕವನ್ನೂ, ನಂಬಬಾರದು. ಅರುವತ್ತಾರು ಮನೆಗಳ ಲೆಕ್ಕವನ್ನು ಶೇ. 37.88 ಎಂದು ಬರೆಯಬೇಡಿ, '66ರಲ್ಲಿ 25 ಮನೆ' ಎನ್ನಿ.

ನಕಲಿನ ವಿಷಯಕ್ಕೆ ಒಂದೇ ಮಾತು. ಯು.ಜಿ.ಸಿ.ಯ 2018ರ ನಿಯಮ ಶೇ. 10ರ ತನಕದ ಹೋಲಿಕೆಗೆ ದಂಡ ವಿಧಿಸುವುದಿಲ್ಲ. ಅದು ಶೇ. 10 ಕದಿಯಲು ಕೊಟ್ಟ ರಜೆಯಲ್ಲ, ಕನ್ನಡ ಬರಹವನ್ನು ತಂತ್ರಾಂಶ ಹಿಡಿಯಲಿಲ್ಲವೆಂದರೆ ಅದು ನಿಮ್ಮದಾಗುವುದೂ ಇಲ್ಲ.

ಮೂರು ತಿಂಗಳನ್ನು ಹೀಗೆ ಹಂಚಿಕೊಳ್ಳಿ: ಅನುಮತಿ, ಪಟ್ಟಿ, ಪ್ರಶ್ನೆಗಳ ಅನುವಾದ ಮತ್ತು ಎಂಟು ಮನೆಯ ಪರೀಕ್ಷೆಗೆ ಮೂರು ವಾರ, ದಿನಕ್ಕೆ ನಾಲ್ಕೈದು ಮನೆಯಂತೆ ಪ್ರಶ್ನಾವಳಿ ಮತ್ತು ಸಂದರ್ಶನಕ್ಕೆ ಐದು ವಾರ, ಬರೆದಿಳಿಸಲು ಎರಡು ವಾರ, ಉಳಿದದ್ದು ಬರವಣಿಗೆಗೆ. ವರದಿ ಒಪ್ಪಿಸಿದ ಮೇಲೆ ಎರಡು ಪುಟದಷ್ಟು ಸಾರವನ್ನು ಬರೆದು, ಅಯಲ್‌ಕೂಟದ ವಾರದ ಸಭೆಯಲ್ಲಿ ತುಳುವಿನಲ್ಲೋ ಮಲಯಾಳದಲ್ಲೋ ಓದಿ ಹೇಳಿ. 'ಇದು ಹೀಗಲ್ಲ' ಎಂದು ಯಾರಾದರೂ ತಿದ್ದಿದರೆ ಅದನ್ನೂ ಬರೆದುಕೊಂಡು ಬನ್ನಿ, ಮೌಖಿಕ ಪರೀಕ್ಷೆಗೆ ಮುನ್ನ ಸೇರಿಸಲು ಸಮಯವಿರುತ್ತದೆ. ಫಲಿತಾಂಶ ಬಂದ ವಾರ ಧ್ವನಿ ಕಡತಗಳನ್ನು ಫೋನಿನಿಂದಲೂ ಗೂಗಲ್ ಡ್ರೈವ್‌ನಿಂದಲೂ ಅದರ ಕಸದ ಬುಟ್ಟಿಯಿಂದಲೂ ಅಳಿಸಿ, ಸಂಕೇತದ ನೋಟ್‌ಬುಕ್ಕನ್ನು ಸುಟ್ಟು, ಆ ದಿನಾಂಕವನ್ನು ಗೈಡ್‌ಗೆ ಬರೆದು ಕೊಡಿ.